ಅರಕಲಗೂಡಿನ ಮನೆಯ ಮೂರನೆಯ ಕಂತು

ನಿಮ್ಮಮ್ಮ ಮದುವೆಗೆ ಮುಂಚೆ ಹಾಸನದ ಒಂದು ಪ್ಲೈವುಡ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು ಎಂದಷ್ಟೇ ನಿಮಗೆ ಗೊತ್ತು. ಅದಕ್ಕೂ ಹಿಂದೆ ಎರಡು ವರ್ಷ ಅವಳು ಯಾರ ಕೈಕೆಳಗೂ ಇಲ್ಲದೆ, ತಾನೇ ಮನೆಗಳ ಒಳಾಂಗಣದ ವಿನ್ಯಾಸ ಮಾಡಿಕೊಡುತ್ತಿದ್ದಳು. ಅದು ನಿಂತುಹೋದದ್ದು ನನ್ನಿಂದ. ಇದನ್ನು ಅವಳು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವವಳಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡು ಐದಾರು ವರ್ಷವಾಗಿತ್ತು. ಅವರ ಪಿಂಚಣಿಯಲ್ಲಿ ನಾವಿಬ್ಬರೂ ಹಾಸನದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಿಮ್ಮಮ್ಮ ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ, ಅಲ್ಲೇ ಒಬ್ಬರ ಹತ್ತಿರ ಕೆಲಸ ಕಲಿತು, ನಾನು ಒಬ್ಬಳೇ ಆದೆನೆಂದು ವಾಪಸು ಬಂದಿದ್ದಳು. ಎರಡು ಸಾವಿರದ ಇಸವಿ ಆಗತಾನೇ ದಾಟಿತ್ತು. ಸುತ್ತಮುತ್ತ ಜನ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದ ಕಾಲ. ಅರ್ಧ ಕಟ್ಟಿದ ಮನೆಗೆ, ಗಾರೆಯವರು ಮರಗೆಲಸದವರು ಇರುವ ಕಡೆಗೆ, ಮದುವೆಯಾಗದ ಹುಡುಗಿ ಒಬ್ಬಳೇ ಹೋದರೆ ನೋಡಿದವರು ಏನಂದಾರು? ಅದಕ್ಕೇ ನಾನು ಜೊತೆಗೆ ಹೋಗುತ್ತಿದ್ದೆ. ಅಳತೆ ಟೇಪಿನ ಒಂದು ತುದಿ ಹಿಡಿದುಕೊಳ್ಳುವುದು ನನ್ನ ಕೆಲಸ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು ನಾನು. ಗಂಡಸರ ಎದುರು ಕೂತು ಮಾತಾಡಿ ಅಭ್ಯಾಸವಿರಲಿಲ್ಲ. ಟೇಪು ಹಿಡಿಯುವುದು ಮುಗಿದ ಮೇಲೆ ಸಿಮೆಂಟು ಚೀಲದ ಮೇಲೋ ಮೆಟ್ಟಿಲ ಮೇಲೋ ಸೆರಗು ಹೊದ್ದು ಕೂತಿರುತ್ತಿದ್ದೆ. ಬೆಳಿಗ್ಗೆ ಬಸ್ಸು, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ, ಸಂಜೆ ಮತ್ತೆ ಬಸ್ಸು. ಕಾಲು ಊದಿಕೊಳ್ಳುತ್ತಿದ್ದವು.

ಅವಳು ಮೊದಲ ಸಲ ಒಂದು ಮನೆಗೆ ಹೋದಾಗ ಮರದ ವಿಷಯವನ್ನೇ ಎತ್ತುತ್ತಿರಲಿಲ್ಲ. ಮನೆಯಲ್ಲಿ ಮೊದಲು ಏಳುವವರು ಯಾರು, ಅಡುಗೆ ಯಾರದು, ಅಜ್ಜಿಗೆ ಮಂಡಿ ನೋವಿದೆಯೇ, ವರ್ಷದ ರಾಗಿ ಎಲ್ಲಿಡುತ್ತೀರಿ, ಇದನ್ನೇ ಕೇಳುತ್ತಿದ್ದಳು. ಆಮೇಲೆ ಅಳತೆ. ಆಮೇಲೆ ಮನೆಯಲ್ಲಿ ಕೂತು ಹಾಳೆಗಟ್ಟಲೆ ನಕ್ಷೆ. ಮರಗೆಲಸಕ್ಕಾಗುವ ಖರ್ಚಿನಲ್ಲಿ ನೂರಕ್ಕೆ ಎಂಟರಂತೆ ಅವಳ ಶುಲ್ಕ. ಪ್ಲೈವುಡ್ ಅಂಗಡಿಯವರು ಗಿರಾಕಿ ಕರೆತಂದರೆ ಕಮಿಷನ್ ಕೊಡುತ್ತೇವೆ ಎಂದರೂ ತೆಗೆದುಕೊಳ್ಳುತ್ತಿರಲಿಲ್ಲ. "ಅದನ್ನೂ ಮನೆಯೋರ ಬಿಲ್ಲಿಗೇ ಸೇರಿಸ್ತಾರಮ್ಮ" ಎನ್ನುತ್ತಿದ್ದಳು.

ಆದರೆ ಜನಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ಹಲಗೆಗೆ ದುಡ್ಡು ಕೊಡುತ್ತಾರೆ, ಕೂಲಿಗೆ ಕೊಡುತ್ತಾರೆ. ಯೋಚನೆ ಮಾಡಿಕೊಟ್ಟದ್ದಕ್ಕೆ ಕೊಡುವುದೆಂದರೆ ಅವರಿಗೆ ನಗು.

ಹೊಳೆನರಸೀಪುರದ ಒಬ್ಬ ಯಜಮಾನರು ನಮ್ಮೆದುರೇ ಕೇಳಿದರು: "ಮರ ನಮ್ದು, ಆಚಾರಿ ನಮ್ಮೋನು. ಗೀಟು ಎಳ್ದಿದ್ದಕ್ಕೆ ದುಡ್ಡೇನವ್ವಾ?"

"ಗೀಟಿಗಲ್ಲ ಅಣ್ಣಾ, ನಿಮ್ಮನೆಯೋರ ಸೊಂಟನೋವಿಗೆ. ಅವ್ರು ದಿನಕ್ಕೆ ನೂರು ಸಲ ಬಗ್ಗೋದು ತಪ್ಪುತ್ತಲ್ಲ, ಅದಕ್ಕೆ."

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಯಜಮಾನರು ಮಾತ್ರ ನಕ್ಷೆಯನ್ನು ಭಾವಮೈದನಿಗೆ ತೋರಿಸಿ ತರುತ್ತೇನೆಂದು ಇಸಿದುಕೊಂಡರು. ಮೂರು ತಿಂಗಳಾದ ಮೇಲೆ ನೋಡಿದರೆ ಅವರ ಆಚಾರಿ ಅದರಂತೆಯೇ ಎಲ್ಲವನ್ನೂ ಮಾಡಿ ಮುಗಿಸಿದ್ದ. ಆವತ್ತಿನಿಂದ ನಿಮ್ಮಮ್ಮ ಶುಲ್ಕವನ್ನು ಮೂರು ಕಂತು ಮಾಡಿದಳು. ಪೆನ್ಸಿಲು ಹಿಡಿಯುವ ಮುಂಚೆ ಒಂದು, ಮರಗೆಲಸ ಶುರುವಾದಾಗ ಒಂದು, ಎಲ್ಲಾ ಮುಗಿದು ಗೃಹಪ್ರವೇಶದ ದಿನ ಕೊನೆಯದು.

ಅರಕಲಗೂಡಿನಲ್ಲಿ ಸಿಕ್ಕಿದ ಮನೆ ಅವಳ ಕೆಲಸದಲ್ಲೆಲ್ಲ ದೊಡ್ಡದು. ಯಜಮಾನರಿಗೆ ಅಕ್ಕಿ ಗಿರಣಿ ಇತ್ತು. ಯಜಮಾನತಿ ಬಾಯ್ತುಂಬ ನಗುವ ಹೆಂಗಸು. ನಿಮ್ಮಮ್ಮ ಅವರನ್ನು ಹಳೇ ಮನೆಯಲ್ಲಿ ನಿಲ್ಲಿಸಿ, ರೊಟ್ಟಿ ತಟ್ಟಿಸಿ, ಅವರ ಮೊಣಕೈ ನೆಲದಿಂದ ಎಷ್ಟು ಎತ್ತರಕ್ಕೆ ಬರುತ್ತದೆಂದು ಅಳೆದು ಅಡುಗೆಕಟ್ಟೆಯ ಎತ್ತರ ಗೊತ್ತುಮಾಡಿದಳು. "ಸೀರೆ ಅಂಗಡೀಲೂ ನನ್ನ ಇಷ್ಟು ಅಳ್ದಿರ್ಲಿಲ್ಲ ಕಣವ್ವಾ!" ಎಂದು ಆಯಮ್ಮ ನಕ್ಕಿದ್ದೇ ನಕ್ಕಿದ್ದು. ವಾಸ್ತು ಹೇಳುವವರೊಬ್ಬರು ಬಂದು ಒಲೆ ತಿರುಗಿಸಿದರು, ಬೀಗರೊಬ್ಬರು ಬಂದು ಟಿ.ವಿ. ಶೋಕೇಸ್ ತಿರುಗಿಸಿದರು. ಪ್ರತಿ ಸಲವೂ ಹೊಸ ಹಾಳೆ. ಎಂಟು ತಿಂಗಳು ಹಿಡಿಯಿತು. ಎರಡು ಕಂತು ಬಂದಿತ್ತು, ಮೂರನೆಯದು ಬಾಕಿ.

ಆ ಮೂರನೆಯ ಕಂತಿಗೆ ಅವಳು ಒಂದು ದಾರಿ ಇಟ್ಟುಕೊಂಡಿದ್ದಳು. ಹಾಸನದಲ್ಲೇ ಸಾಲಗಾಮೆ ರಸ್ತೆಯಲ್ಲಿ ಮಹಡಿಯ ಮೇಲೊಂದು ಕೋಣೆ ನೋಡಿದ್ದಳು, ಆಫೀಸಿಗೆ. ತಿಂಗಳ ಕೊನೆಯೊಳಗೆ ಮುಂಗಡ ಕೊಟ್ಟರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದರು ಕೋಣೆಯವರು. ಇನ್ನೊಂದು ಕಡೆ ಪ್ಲೈವುಡ್ ಅಂಗಡಿಯವರು ಸಂಬಳಕ್ಕೆ ಕರೆಯುತ್ತಿದ್ದರು. ಅವರಲ್ಲಿ ಹಲಗೆ ಕೊಂಡವರಿಗೆ ನಕ್ಷೆ ಪುಕ್ಕಟೆ.

"ಅಲ್ಲಿ ಕೂತ್ರೆ ಬೀರು ಬೇಡದ ಕಡೆ ಬೇಡ ಅನ್ನೋಕಾಗಲ್ಲಮ್ಮ. ಹಲಗೆ ಖರ್ಚಾಗಬೇಕಲ್ಲ" ಎಂದಿದ್ದಳು. ಈ ದುಡ್ಡು ಬಂದರೆ ತನ್ನ ಕೋಣೆ, ಬರದಿದ್ದರೆ ಅಂಗಡಿ. ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು.

ಗೃಹಪ್ರವೇಶದ ದಿನ ಅವಳಿಗೆ ಚನ್ನರಾಯಪಟ್ಟಣದಲ್ಲಿ ತಪ್ಪಿಸಲಾಗದ ಕೆಲಸ. "ನೀನು ಮುಂದೆ ಹೋಗಿ ಊಟ ಮಾಡಿ ಕೂತಿರು. ನಾನು ಬಂದು ಮಾತಾಡ್ತೀನಿ" ಎಂದು ನನ್ನನ್ನು ಬಸ್ಸು ಹತ್ತಿಸಿದಳು.

ಊಟವಾದ ಮೇಲೆ ಯಜಮಾನರು ಕೆಲಸದವರನ್ನೆಲ್ಲ ಕರೆದು ಪಂಚೆ, ತೆಂಗಿನಕಾಯಿ, ತಾಂಬೂಲ ಕೊಡಲು ಶುರುಮಾಡಿದರು. ಗಾರೆ ಮೇಸ್ತ್ರಿ ಇಸಿದುಕೊಂಡ, ಬಣ್ಣದವನು ಇಸಿದುಕೊಂಡ. ಆಚಾರಿ ಮಾತ್ರ ಹೊರಗೆ ಮರಳ ಗುಡ್ಡೆಯ ಮೇಲೆ ಕೂತೇ ಇದ್ದರು.

"ಬನ್ರೀ ಆಚಾರ್ರೇ, ತಾಂಬೂಲ ಇಸ್ಕಳಿ."

"ಉಳ್ದಿದ್ದು ಎಣಿಸ್ಬುಡಿ ಸಾ, ಆಮ್ಯಾಕೆ ಇಸ್ಕತೀನಿ."

"ಅಲ್ಲಯ್ಯ, ನಾನೇನ್ ಊರು ಬುಟ್ಟು ಓಡೋಯ್ತೀನಾ?"

"ನೀವ್ ಓಡೋಗಲ್ಲ ಸಾ. ತಾಂಬೂಲ ಇಸ್ಕಂಡ್ರೆ ನನ್ ನಾಲ್ಗೆ ಓಡೋಯ್ತದೆ!"

ಎಲ್ಲರೂ ನಕ್ಕರು. ಯಜಮಾನರೂ ನಗುತ್ತಲೇ ಎಣಿಸಿ ಕೊಟ್ಟರು. ನಮ್ಮ ಕಡೆ ರೂಢಿ ಹಾಗೆಯೇ. ಹೊಸಮನೆಯ ತಾಂಬೂಲ ಕೈಗೆ ಬಂತೆಂದರೆ ಕೆಲಸದವರ ಬಾಕಿ ತೀರಿತೆಂದು ಅರ್ಥ, ಆಮೇಲೆ ಬಾಯಿಬಿಟ್ಟು ಕೇಳುವಂತಿಲ್ಲ. ನಮ್ಮ ಮಾವನವರ ಮನೆ ಕಟ್ಟಿದಾಗಲೂ ನಾನು ಕಂಡಿದ್ದೇ.

ಅಷ್ಟು ಕಂಡೂ, ಸ್ವಲ್ಪ ಹೊತ್ತಿಗೆ ನಾನೇನು ಮಾಡಿದೆ ನೋಡಿ. ಯಜಮಾನತಿ ತಟ್ಟೆ ಹಿಡಿದುಕೊಂಡು ನಾನು ಕೂತಿದ್ದ ಮೂಲೆಗೆ ಬಂದರು. ನಾನು ಹಿಂದೆ ಸರಿದೆ.

"ನಂಗ್ಯಾಕವ್ವಾ? ನಂಗೆ ಕೊಡೋ ಅಂಗಿಲ್ಲ."

"ಯಾರೇಳಿದ್ದು ಕೊಡಬಾರ್ದು ಅಂತ?" ಆಯಮ್ಮ ಕುಂಕುಮದ ಬಟ್ಟಲನ್ನು ಮಾತ್ರ ಪಕ್ಕಕ್ಕಿಟ್ಟು, ಮಿಕ್ಕದ್ದನ್ನೆಲ್ಲ ಮುಂದೆ ಚಾಚಿದರು. "ಈ ಅಡುಗೆಮನೆ ನಿಮ್ ಮಗಳು ಕೊಟ್ಟಿದ್ದು. ಅವ್ಳ ಬದ್ಲು ಇಸ್ಕಳಿ ಅಕ್ಕಾ."

ನಿಮ್ಮ ತಾತ ಹೋದ ಮೇಲೆ ಯಾವ ಮನೆಯ ಶುಭಕಾರ್ಯದಲ್ಲೂ ನನ್ನ ಎದುರಿಗೆ ಯಾರೂ ತಟ್ಟೆ ತಂದಿರಲಿಲ್ಲ. ನೆಂಟರ ಮನೆಗಳಲ್ಲಿ ತಟ್ಟೆ ನನ್ನನ್ನು ದಾಟಿ ಪಕ್ಕದವರಿಗೆ ಹೋಗುವುದನ್ನು ನೋಡಿ ನೋಡಿ, ಆ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುವುದನ್ನು ಕಲಿತಿದ್ದೆ. ಈಗ ಒಬ್ಬರು ಅಕ್ಕಾ ಎಂದು ಕರೆದು ಚಾಚಿದರು. ನನಗೆ ಆಚಾರಿ ನೆನಪಾಗಲಿಲ್ಲ, ಕಂತು ನೆನಪಾಗಲಿಲ್ಲ. ಸೆರಗು ಒಡ್ಡಿದೆ.

ನಿಮ್ಮಮ್ಮ ಬಂದಾಗ ಮೂರು ಗಂಟೆ. ನನ್ನ ಮಡಿಲಲ್ಲಿದ್ದ ತೆಂಗಿನಕಾಯಿ ನೋಡಿ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ಯಜಮಾನರ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ನಿಮ್ಮ ತಾಯಿ ತಾಂಬೂಲ ಇಸ್ಕಂಡ್ರಲ್ಲವ್ವಾ! ನೀವೇ ಬ್ಯಾಡ ಅಂತ ಬುಟ್ರೇನೋ ಅಂದ್ಕಂಡು, ನಿಂಗೆ ಅಂತ ಇಟ್ಟಿದ್ದ ದುಡ್ನ ಕರೆಂಟಿನೋನಿಗೆ ಕೊಟ್ಬುಟ್ಟೆ."

ಸುತ್ತ ಜನ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು: ಅಮ್ಮನಿಗೆ ಗೊತ್ತಾಗಲಿಲ್ಲ, ಇಸಿದುಕೊಳ್ಳಬಾರದಿತ್ತು ಎಂದು. ಆದರೆ ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ನಿಂತಿದ್ದೆ.

"ಹೌದು ಅಣ್ಣಾ, ಅಮ್ಮ ಇಸ್ಕೊಂಡ್ರು" ಎಂದಳು. ಎಲೆಯ ಮುಂದೆ ಕೂತು ಊಟ ಮಾಡಿದಳು.

ಬಸ್ಸಿನಲ್ಲಿ ನಾನು, ವಾಪಸು ಕೊಟ್ಟು ಬರುತ್ತೇನೆ ಎಂದೆ. "ತಾಂಬೂಲ ವಾಪಸ್ ಕೊಡ್ತಾರೇನಮ್ಮಾ" ಎಂದಳು. ಬೈಯಲಿಲ್ಲ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು.

ನಾಲ್ಕು ದಿನ ಬಿಟ್ಟು ಅವಳಿಗೆ ಹೇಳದೆ ಅರಕಲಗೂಡಿಗೆ ಹೋದೆ. ನಾನಾಗಿ ಒಬ್ಬಳೇ ಬಸ್ಸು ಹತ್ತಿದ್ದು ಆಗಲೇ ಮೊದಲು. ಯಜಮಾನತಿ ಕಾಫಿ ಕೊಟ್ಟು, ಅಡುಗೆಮನೆಯ ಒಂದೊಂದು ಡ್ರಾಯರನ್ನೂ ಎಳೆದು ತೋರಿಸಿದರು. ಕೊನೆಗೆ "ನಮ್ ಮಗೀದು ಒಂದು ಕಂತು ಉಳೀತವ್ವಾ, ನಾನು ತಿಳೀದೆ ಕೈ ಒಡ್ಡಿಬಿಟ್ಟೆ" ಎಂದೆ. ಅವರ ಮುಖ ಸಣ್ಣದಾಯಿತು. "ಅಯ್ಯೋ, ಕೊಟ್ಟು ತೆಪ್ಪು ಮಾಡುದ್ನಲ್ಲಕ್ಕಾ" ಎಂದು ನನ್ನ ಕೈ ಹಿಡಿದುಕೊಂಡರು. ಯಜಮಾನರೂ ಇಲ್ಲವೆನ್ನಲಿಲ್ಲ. ಮನೆಗೇ ಎಲ್ಲಾ ಸುರಿದು ಕೈ ಬರಿದಾಗಿದೆ, ಭತ್ತದ ಕಾಲ ಬರಲಿ ಎಂದರು. ಕೊಟ್ಟರು ಕೂಡ, ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಸಾಲಗಾಮೆ ರಸ್ತೆಯ ಕೋಣೆಗೆ ಜೆರಾಕ್ಸ್ ಅಂಗಡಿ ಬಂದಿತ್ತು. ಅವಳು ಪ್ಲೈವುಡ್ ಅಂಗಡಿಗೆ ಸೇರಿಯಾಗಿತ್ತು.

ಅಂಗಡಿಗೆ ಹೊರಟ ಮೊದಲ ದಿನ ಚಪ್ಪಲಿ ಮೆಟ್ಟುತ್ತಾ, "ಇನ್ಮೇಲೆ ನೀನು ಬರೋದು ಬೇಡಮ್ಮ, ಜೊತೆಗೆ ಅಂಗಡಿಯೋರೇ ಜನ ಕಳಿಸ್ತಾರೆ. ಸುಧಾರಿಸ್ಕೋ" ಎಂದಳು. ನನ್ನ ಕಾಲಿನ ಮೇಲಿನ ಕರುಣೆಯಿಂದಲೇ ಹೇಳಿದ್ದು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ಒಳಗೆ ಬಂದು ಚಾಪೆ ಹಾಸಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ನಿದ್ದೆ ಬಂತು. ಎರಡು ವರ್ಷದ ಓಡಾಟದ ದಣಿವೆಲ್ಲ ಸೇರಿ, ಸಂಜೆಯವರೆಗೂ ಮಲಗಿದೆ. ಹಾಗೆ ನಿದ್ದೆ ಬಂತಲ್ಲ ಎಂಬುದೇ ನನಗೆ ಈಗಲೂ ನಾಚಿಕೆ.