ಸಾಣೆ ಹಿಡಿದ ಕಾಲುಗಳು

ನನ್ನ ಕಾಲುಗಳ ಬಗ್ಗೆ ನನಗೆ ಎಂದೂ ದೊಡ್ಡ ಗೌರವವಿರಲಿಲ್ಲ. ಗಂಟಲು ಬೇರೆ ಮಾತು. ಬಸ್ ಕಂಡಕ್ಟರು, ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು, ಕೊನೆಗೆ ನಮ್ಮವ್ವನ ಸೀನು, ಎಲ್ಲವನ್ನೂ ಅದು ಇದ್ದ ಹಾಗೇ ಅಣಕಿಸಿ ಒಪ್ಪಿಸುತ್ತದೆ. ಹಾಗಾಗಿ ಇಪ್ಪತ್ತಮೂರು ವರ್ಷ ನನ್ನ ಬದುಕು ಸೊಂಟದಿಂದ ಮೇಲಕ್ಕೇ ನಡೆದಿತ್ತು. ಕಾಲುಗಳೆಂದರೆ ಗಂಟಲನ್ನು ಹೊತ್ತು ತಿರುಗುವ ಎರಡು ಕೋಲು.

ಹೋದ ಬೇಸಿಗೆಯಲ್ಲಿ ಒಂದು ಗೇರಿನ ಸೈಕಲ್ ಕೊಂಡೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ತುಳಿದುಕೊಂಡು ಹೋಗಿ ತುಳಿದುಕೊಂಡೇ ಬರುತ್ತೇನೆಂದು ಟೀ ಅಂಗಡಿಯಲ್ಲಿ ಸಾರಿ, ತೊಡೆ ತಟ್ಟಿ ಹೊರಟೆ. ಪುರಾಣದ ವೀರರಿಂದ ಗರಡಿಯ ಪೈಲ್ವಾನರವರೆಗೆ ನಮ್ಮವರೆಲ್ಲ ತೊಡೆ ತಟ್ಟಿದವರೇ. ಆದರೆ ತಟ್ಟುವ ಮೊದಲು ಅಲ್ಲಿ ತೊಡೆ ಇರಬೇಕೆಂಬ ಸಣ್ಣ ನಿಯಮವನ್ನು ನನಗೆ ಯಾರೂ ಹೇಳಿರಲಿಲ್ಲ. ಅರ್ಧ ದಾರಿಯೂ ಆಗದ ತೆರಕಣಾಂಬಿ ತಲುಪುವಷ್ಟರಲ್ಲಿ ಎರಡೂ ಮೀನಖಂಡಗಳು ಗಂಟು ಕಟ್ಟಿದವು. ವಾಪಸ್ ಬಂದದ್ದು ಗೂಡ್ಸ್ ಆಟೋದಲ್ಲಿ, ಟೊಮೆಟೊ ಕ್ರೇಟುಗಳ ನಡುವೆ, ಸೈಕಲನ್ನು ತಬ್ಬಿಕೊಂಡು.

ಮಂಡಿಯ ಬಾಗಿಲಲ್ಲಿ ನಾನು ಇಳಿದದ್ದನ್ನು ಗೆಳೆಯ ಮಾದೇಶ ನೋಡಿಬಿಟ್ಟ. ಸಂಜೆಯ ಹೊತ್ತಿಗೆ ಟೀ ಅಂಗಡಿಯಲ್ಲಿ ಅದನ್ನು ಅಭಿನಯಿಸಿ ತೋರಿಸುತ್ತಿದ್ದ. ಊರನ್ನೆಲ್ಲ ಅಣಕಿಸುವವನನ್ನೇ ಅಣಕಿಸುವುದೇ? ಅದೂ ನನಗಿಂತ ಚೆನ್ನಾಗಿ?

“ಏನ್ಲಾ ಲೋಡು, ಇವತ್ ಎಲ್ಗೆ ಸಾಗುಸ್ತಾವ್ರೆ ನಿನ್ನ?” ಎಂದ.

“ಆ ಹೆಸರ್ನ ಬುಟ್ಬುಡು ಕಣ್ಲಾ.”

“ಚಾಮ್ರಾಜ್‌ನಗ್ರಕ್ಕೆ ಓಗಿ ತುಳ್ಕಂಡೇ ವಾಪಸ್ ಬಾ, ಬುಡ್ತೀನಿ. ಅಲ್ಲೀವರ್ಗೂ ನೀನು ಲೋಡೇ.”

ಮರುದಿನ ಹಾಲು ತರಲು ಹೋದರೆ ಹಾಲಿನವನೂ ಹಾಗೆಯೇ ಕರೆದ. ಮೂವತ್ತಕ್ಕೆ ಮದುವೆಯಾದರೆ ಲಗ್ನಪತ್ರಿಕೆಯಲ್ಲೂ ಇದೇ ಹೆಸರು ಬೀಳಬಹುದೆಂಬ ಭಯ ಹತ್ತಿತು.

ಶುರುವಾಯಿತು ತಪಸ್ಸು. ಫೋನಿನೊಳಗಿನ ಗುರುಗಳೆಲ್ಲ ಬಸ್ಕಿ ಹೊಡೆ ಎಂದರು. ಹೆಡ್‌ಮಾಸ್ಟರರ ಕೆಮ್ಮನ್ನು ಅನುಕರಿಸಿದ್ದಕ್ಕೆ ನಾನು ಶಾಲೆಯಲ್ಲಿ ಹೊಡೆದ ಬಸ್ಕಿಗೆ ನನ್ನ ತೊಡೆಗಳು ಇಷ್ಟರಲ್ಲಿ ದೇವಸ್ಥಾನದ ಕಂಬಗಳಾಗಿರಬೇಕಿತ್ತು. ಶಿಕ್ಷೆಯ ಬಸ್ಕಿಗೆ ಫಲವಿಲ್ಲವೆಂದು ಕಾಣುತ್ತದೆ.

ಆಗ ಕಣ್ಣಿಗೆ ಬಿದ್ದವರು ಖಾದರ್ ಚಾಚಾ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಪೆಡಲ್ ತುಳಿದು ಸಾಣೆಕಲ್ಲು ತಿರುಗಿಸಿ, ಊರಿನ ಚಾಕು ಕುಡುಗೋಲುಗಳನ್ನು ಹರಿತ ಮಾಡುವವರು. ವಯಸ್ಸು ಅರವತ್ತು ದಾಟಿದೆ. ಎತ್ತಿ ಕಟ್ಟಿದ ಲುಂಗಿಯ ಕೆಳಗಿನ ಕಾಲುಗಳಿಗೆ ಮಾತ್ರ ಅದು ತಿಳಿದಿಲ್ಲ. ಒಂದಡಿಯೂ ಮುಂದೆ ಹೋಗದ ಆ ಸೈಕಲ್ಲೇ ನಮ್ಮೂರಿನಲ್ಲಿ ಅತಿ ಹೆಚ್ಚು ದೂರ ಹೋಗಿರುವುದು ಎಂದು ನನಗೆ ಥಟ್ಟನೆ ಹೊಳೆಯಿತು.

“ಚಾಚಾ, ತುಳಿಯೋ ಕೆಲ್ಸ ನಂಗಿರ್ಲಿ. ನೀವು ಸಾಣೆ ಹಿಡೀರಿ” ಎಂದೆ. ಸೀಟು ಬಿಟ್ಟುಕೊಟ್ಟರು. ಮೊದಲ ದಿನವೇ ರೇಸಿನವನಂತೆ ತುಳಿದೆ. ಕಿಡಿ ಹಾರಿ ದೀಪಾವಳಿಯಾಯಿತು. ಭೀಮನಬೀಡು ಹಳ್ಳಿಯ ಬಸಪ್ಪನವರು ಸಾಣೆಗೆ ಕೊಟ್ಟಿದ್ದ, ಬಾಳೆಗೊನೆ ಕಡಿಯುವ ಮಚ್ಚಿನ ಅಂಚು ನೀಲಿಗಟ್ಟಿತು.

“ಸುಟ್ಟಾಕ್ಬುಟ್ಟೆಯಲ್ಲಪ್ಪ” ಎಂದರು ಚಾಚಾ. “ಕಾವೇರುದ್ರೆ ಅಲಗು ಮೆತ್ತಗಾಯ್ತದೆ. ಕಲ್ಲಿಗೆ ಅವಸರ ಬ್ಯಾಡ. ಒಂದೇ ಸಮ ತುಳಿ.”

ಒಂದೇ ಸಮ ತುಳಿಯುವುದೆಂದರೆ ಎಷ್ಟು ಕಷ್ಟ ಎಂದು ನೀವೇ ಒಮ್ಮೆ ತುಳಿದು ನೋಡಿ. ಇಷ್ಟು ದಿನ ಜನರ ಗಂಟಲನ್ನು ಅಣಕಿಸಿದವನು ಎರಡು ತಿಂಗಳು, ದಿನಾ ಬೆಳಗ್ಗೆ ಒಂದು ಗಂಟೆ, ಚಾಚಾರ ಕಾಲನ್ನು ಅಣಕಿಸಿದೆ. ಲಯ ತಪ್ಪಿದರೆ ಕಲ್ಲೇ ಕಿರ್ರೆಂದು ಬೈಯುತ್ತಿತ್ತು. ಒಂದು ದಿನ ಸ್ನಾನ ಮಾಡುವಾಗ ಮೀನಖಂಡದಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಓಡಿಹೋಗಿ ಅವ್ವನಿಗೆ ತೋರಿಸಿದೆ.

“ಏನ್ಲಾ ಅದು, ಸೊಳ್ಳೆ ಕಡಿದದಾ?” ಎಂದಳು.

ಆಷಾಢದ ಒಂದು ಭಾನುವಾರ ಹೊರಟೆ. ಸಾಕ್ಷಿಗೆ ಮಾದೇಶ ಬೈಕಿನಲ್ಲಿ ಹಿಂದೆ. ತೆರಕಣಾಂಬಿ ಬಂತು, ಹೋಯಿತು. ಚಕ್ರ ತಾನಾಗಿಯೇ ಓಡುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಮಂತ್ರಿಯಂತೆ ಕೈ ಬೀಸಿದೆ. ಚಾಮರಾಜನಗರ ತಲುಪಿದಾಗ ಉಸಿರೂ ಏರಿರಲಿಲ್ಲ. ಇಡ್ಲಿ ತಿಂದು, ಇಲ್ಲದ ಮೀಸೆ ತಿರುವಿ, ಸೈಕಲ್ ತಿರುಗಿಸಿದೆ.

ಊರು ದಾಟಿದೊಡನೆ ಗಾಳಿ ಎದುರಾಯಿತು. ಪಡುವಣದಿಂದ ಬೀಸುವ ಆಷಾಢದ ಗಾಳಿ. ಹೋಗುವಾಗ ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಕೈ ಕೊಟ್ಟು ತಳ್ಳಿದ್ದು ಇದೇ. ನನ್ನ ತೊಡೆಯದೆಂದು ಬೀಗಿದ್ದರಲ್ಲಿ ಮುಕ್ಕಾಲು ಪಾಲು ಇದರದ್ದು. ಈಗ ಅದೇ ಕೈಯನ್ನು ಎದೆಗಿಟ್ಟು ಚಾಮರಾಜನಗರಕ್ಕೇ ದಬ್ಬುತ್ತಿದೆ.

ಮಾದೇಶ ಪಕ್ಕಕ್ಕೆ ಬಂದ. “ಇಂದ್ಗಡೆ ಖಾಲಿ ಆಟೋ ಬತ್ತಾ ಅದೆ ಕಣ್ಲಾ. ಕೈ ತೋರುಸ್ಲಾ?”

ಬೇಡವೆಂದು ಕೈ ಬೀಸಿದೆ. ಹಗುರ ಗೇರಿಗೆ ಇಳಿದು, ತಲೆ ತಗ್ಗಿಸಿ, ಕಲ್ಲು ತಿರುಗಿಸುವವನಂತೆ ತುಳಿಯತೊಡಗಿದೆ. ಆಟೋ ಮುಂದೆ ಹೋಯಿತು. ಒಂದು ಎತ್ತಿನ ಗಾಡಿಯೂ ಮುಂದೆ ಹೋಯಿತು. ಎತ್ತುಗಳು ದೊಡ್ಡ ಮನಸ್ಸಿನವು, ತಿರುಗಿ ನೋಡಲಿಲ್ಲ. ಒಂದೂವರೆ ಗಂಟೆಯಲ್ಲಿ ಮುಗಿದಿದ್ದ ದಾರಿ ನಾಲ್ಕು ಗಂಟೆ ಹಿಡಿಯಿತು. ಆದರೆ ಗುಂಡ್ಲುಪೇಟೆ ಬಂತು, ಮತ್ತು ನಾನು ಸೀಟಿನ ಮೇಲೆಯೇ ಇದ್ದೆ.

“ಆಯ್ತು ಬುಡು, ಇನ್ಮೇಲೆ ಅವ್ವ ಇಟ್ಟ ಹೆಸ್ರಲ್ಲೇ ಕರೀತೀನಿ” ಎಂದ ಮಾದೇಶ, ನನ್ನನ್ನು ತೋಳು ಹಿಡಿದು ಇಳಿಸಿಕೊಳ್ಳುತ್ತ.

ಅಂದಿನಿಂದ, ಬರೀ ಸ್ವಂತ ಬಲದಿಂದಲೇ ಇಷ್ಟು ದೂರ ಬಂದೆನೆಂದು ಯಾರಾದರೂ ಹೇಳಿಕೊಂಡರೆ ನಾನು ವಾದಿಸುವುದಿಲ್ಲ. ಆ ದಿನ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂದಷ್ಟೇ ಕೇಳುತ್ತೇನೆ.