ಕೆಂಪು ಮುಚ್ಚಳದ ಬಾಟಲಿ

ಆ ಹುಡುಗಿ ನಮ್ಮ ನೀರು ಪರೀಕ್ಷೆಯ ಲ್ಯಾಬಿಗೆ ಬಂದ ಮೊದಲ ದಿನವೇ ತನ್ನ ಹೆಸರು ಕಳೆದುಕೊಂಡಳು. ಯಾಕಮ್ಮ ಬಂದೆ ಎಂದು ಕೇಳಿದ್ದಕ್ಕೆ, "ಇಂಟರ್ನ್‌ಶಿಪ್‌ಗೆ ಸರ್. ಪರಿಸರ ವಿಜ್ಞಾನ, ಕೊನೇ ವರ್ಷ. ನೂರಿಪ್ಪತ್ತು ಗಂಟೆ ಕೆಲಸ ಮಾಡಿದ್ರೆ ನಾಲ್ಕು ಕ್ರೆಡಿಟ್ ಸಿಗುತ್ತೆ," ಎಂದಳು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು 'ನಾಲ್ಕು ಕ್ರೆಡಿಟ್'. ನನ್ನ ಹೆಸರು ಹೋಗಿ ಮೂವತ್ತು ವರ್ಷವಾಗಿತ್ತು. ನಲ್ಲಿ, ಬಾವಿ, ಟ್ಯಾಂಕು ಅಂತ ತಿರುಗಿ ನೀರು ಹಿಡಿದು ತರುವ ನನ್ನನ್ನು ಜವಾನನಿಂದ ಸಾಹೇಬರವರೆಗೆ ಎಲ್ಲರೂ ಕರೆಯುತ್ತಿದ್ದದ್ದು 'ಬಾಟಲಿ' ಎಂದೇ. ಅಂಥ ನನ್ನನ್ನು ಅವಳು ಸರ್ ಎಂದಳು. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ, "ಪಾಪ, ಮಗುಗೆ ಕಣ್ಣು ಸರಿ ಇಲ್ವೇನೋ," ಎಂದು ನಕ್ಕಳು. ನಾನು ಮಾತ್ರ ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ತಂದೆ ಇಲ್ಲದ ಹುಡುಗಿ. ತಾಯಿ ಟೈಲರ್ ಅಂಗಡಿಯವರ ಬಟ್ಟೆಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು. ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಹಾಗಾಗಿ ಮಗಳು ಬೆಳಿಗ್ಗೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ದಿಂಬಿಗೆ ಚುಚ್ಚಿಟ್ಟು, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಡಿಗ್ರಿಗೆ ಬೇಕಾದದ್ದೆಲ್ಲ ಮುಗಿದು, ಈ ನಾಲ್ಕು ಕ್ರೆಡಿಟ್ ಮಾತ್ರ ಬಾಕಿ. ಡಿಗ್ರಿ ಕೈಗೆ ಬಂದರೆ ಕೆಲಸ ಕೊಡುತ್ತೇವೆ ಎಂದು ಬೇರೊಂದು ಲ್ಯಾಬಿನವರು ಹೇಳಿದ್ದರು. ಅಮ್ಮನ ಕೈಯಿಂದ ಸೂಜಿ ಬಿಡಿಸಬೇಕು ಅನ್ನುವುದೊಂದೇ ಅವಳ ಆಸೆ.

ನಾನು ಕಲಿಸಿದೆ. ಅರ್ಧಂಬರ್ಧ ಕಲಿತವನಿಗೆ ಶಿಷ್ಯೆ ಸಿಕ್ಕರೆ ಕೇಳಬೇಕೆ! ನಲ್ಲಿ ತಿರುಗಿಸುವುದಕ್ಕೂ ಒಂದು ಪಾಠ, ಬಾಟಲಿಗೆ ಚೀಟಿ ಅಂಟಿಸುವುದಕ್ಕೂ ಒಂದು ಪಾಠ. "ನೋಡಮ್ಮ, ಯಾವ ನೀರು ಹಿಡೀತೀಯೋ ಅದೇ ನೀರಲ್ಲಿ ಮೊದಲು ಮೂರು ಸಲ ಬಾಟಲಿ ತೊಳೀಬೇಕು. ಎರಡು ಅಲ್ಲ, ಮೂರು." ಅವಳು ನಾಲ್ಕು ಸಲ ತೊಳೆದಾಳೇ ಹೊರತು ಎರಡು ಸಲ ತೊಳೆದವಳಲ್ಲ.

ಕೆಂಪು ಮುಚ್ಚಳದ ಬಾಟಲಿಯ ವಿಷಯ ಬೇರೆ. ಅದು ರೋಗಾಣು ಪರೀಕ್ಷೆಗೆ. ಅದರೊಳಗೆ ಮೊದಲೇ ಒಂದಿಷ್ಟು ಔಷಧಿ ಹಾಕಿರುತ್ತಾರೆ, ನಲ್ಲಿ ನೀರಿನ ಕ್ಲೋರಿನ್ನನ್ನು ಅದು ಅಡಗಿಸುತ್ತದೆ. ಔಷಧಿ ತೊಳೆದುಹೋದರೆ, ಲ್ಯಾಬು ಮುಟ್ಟುವಷ್ಟರಲ್ಲಿ ಕ್ಲೋರಿನ್ನು ಬಾಟಲಿಯೊಳಗಿನ ರೋಗಾಣುಗಳನ್ನು ಕೊಂದುಹಾಕಿ, ಕೆಟ್ಟ ನೀರು ಕೂಡ ಒಳ್ಳೆಯದೆಂದು ವರದಿ ಬರುತ್ತದೆ. ಹಾಗಾಗಿ ಅದೊಂದನ್ನು ಮಾತ್ರ ತೊಳೆಯಬಾರದು. ಇದನ್ನು ನಾನು ಅವಳಿಗೆ ಹೇಳಿರಲಿಲ್ಲ. ಆ ಬಾಟಲಿಯನ್ನು ಯಾವಾಗಲೂ ನಾನೇ ಹಿಡಿಯುತ್ತಿದ್ದೆ, ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಆ ದಿನ ನನಗೆ ಹಲ್ಲುನೋವು. ಕೆನ್ನೆ ಊದಿಕೊಂಡು ಬಾಯಿ ತೆರೆಯುವಂತಿರಲಿಲ್ಲ. ಒಂದು ಬೀದಿಯವರು ನೀರು ವಾಸನೆ ಬರುತ್ತಿದೆ ಎಂದು ದೂರು ಕೊಟ್ಟಿದ್ದರು. ನಾನು ಜೀಪಿನಲ್ಲೇ ಕೂತು ಬಾಟಲಿಗಳ ಪೆಟ್ಟಿಗೆಯನ್ನು ಅವಳ ಕೈಗಿಟ್ಟು, ಹೋಗು ಎಂದು ಕೈಸನ್ನೆ ಮಾಡಿದೆ. ಬೀದಿ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳು ತನ್ನ ಮನೆಯ ನಲ್ಲಿ ತೋರಿಸಿದಳು. "ನೀರು ಕುದಿಸಿ ಕುದಿಸಿ ಸಾಕಾಗಿದೆ ಕಣಮ್ಮ. ಚೆನ್ನಾಗಿದೆ ಅಂತ ಗೊತ್ತಾದ್ರೆ ಬಂದು ಒಂದು ಮಾತು ಹೇಳ್ತೀಯಾ?" ಎಂದು ಕೇಳಿದ್ದು ನನಗೂ ಕೇಳಿಸಿತು.

ಎರಡು ದಿನಕ್ಕೆ ವರದಿ ಬಂತು. ನೀರು ಶುದ್ಧ. ಅವಳು ಮನೆಗೆ ಹೋಗುವ ದಾರಿ ಬಿಟ್ಟು, ಬಸ್ಸು ತಪ್ಪಿಸಿಕೊಂಡು, ಆ ಬೀದಿಗೆ ಹೋಗಿ ಹೇಳಿ ಬಂದಳು: "ಅಕ್ಕಾ, ಇನ್ನು ಕುದಿಸೋದು ಬೇಡ."

ವಾರದೊಳಗೆ ಆ ಬೀದಿಯ ಹನ್ನೊಂದು ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಹತ್ತು ಜನ ಎದ್ದು ಬಂದರು. ಇಸ್ತ್ರಿ ಅಕ್ಕ ಬರಲಿಲ್ಲ.

ಮತ್ತೆ ನಾನೇ ಹೋಗಿ ನೀರು ಹಿಡಿದು ತಂದೆ. ಚರಂಡಿ ನೀರು ಪೈಪಿಗೆ ಸೇರುತ್ತಿತ್ತು. ಹಾಗಾದರೆ ಮೊದಲ ವರದಿ ಹೇಗೆ ಚೆನ್ನಾಗಿ ಬಂತು? ಸಾಹೇಬರು ಇಬ್ಬರನ್ನೂ ಕೋಣೆಗೆ ಕರೆಸಿ, ನೀರು ಹಿಡಿದದ್ದು ಹೇಗೆ ಎಂದು ಅವಳನ್ನು ಕೇಳಿದರು. ಅವಳು ಒಂದೂ ಬಿಡದೆ ಹೇಳಿದಳು. "ನಲ್ಲಿ ಒರೆಸಿದೆ ಸರ್. ಎರಡು ನಿಮಿಷ ನೀರು ಬಿಟ್ಟೆ. ಆಮೇಲೆ ಬಾಟಲೀನ ಮೂರು ಸಲ ತೊಳೆದು..."

"ಕೆಂಪು ಮುಚ್ಚಳದ್ದನ್ನಾ? ಅದನ್ನ ತೊಳೀಬಾರ್ದು ಅಂತ ಯಾರೂ ಹೇಳ್ಲಿಲ್ವಾ?"

ಅವಳು ನನ್ನ ಕಡೆ ನೋಡಿದಳು. ಆಗ ಅವಳಿಗೆ ಸಿಟ್ಟು ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಹೇಳಿರ್ತಾರೆ ಸರ್. ನಮ್ ಸರ್ ಎಲ್ಲಾ ಹೇಳಿಕೊಟ್ಟಿದ್ದಾರೆ, ಇದೊಂದನ್ನ ಬಿಟ್ಟಿರಲ್ಲ. ನಾನೇ ಮರೆತಿದ್ದೀನಿ."

ಸಾಹೇಬರು ನನ್ನತ್ತ ತಿರುಗಿದರು. "ಹೌದೇನ್ರೀ? ಹೇಳಿದ್ರಾ?"

ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹಲ್ಲುನೋವು ಆಗ ಇರಲಿಲ್ಲ, ಆ ನೆವವೂ ನನಗಿಲ್ಲ. ಕೋಲೆಬಸವನ ಹಾಗೆ ತಲೆ ಆಡಿಸಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅವಳು. ಇಂಟರ್ನ್‌ಶಿಪ್ ರದ್ದಾಯಿತು. ನೂರಾ ಎಂಟು ಗಂಟೆಯ ಕೆಲಸ ಲೆಕ್ಕಕ್ಕಿಲ್ಲ, ಡಿಗ್ರಿ ಒಂದು ವರ್ಷ ಮುಂದಕ್ಕೆ. ಕೊಡುತ್ತೇವೆ ಎಂದಿದ್ದ ಕೆಲಸ ಬೇರೆಯವರಿಗೆ ಹೋಯಿತು.

ಶನಿವಾರ ಲ್ಯಾಬಿನ ಬಿಳಿ ಕೋಟು ವಾಪಸು ಕೊಡಲು ಬಂದಳು. ಒಗೆದು ಮಡಿಸಿ ತಂದಿದ್ದಳು. ಬಾಟಲಿ ಜೋಡಿಸುವ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕೋಟು ಕೊಟ್ಟು ಹೋಗುತ್ತಾಳೆ, ಬೈದರೂ ಬೈಯಲಿ ಎಂದುಕೊಂಡೆ. ಅವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಅಂಥದೊಂದು ಪುಸ್ತಕ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನಾನು ಆಡಿದ ಮಾತನ್ನೆಲ್ಲ ದಿನಾ ಬಸ್ಸಿನಲ್ಲಿ ಕೂತು ಬರೆದಿದ್ದಳು. ತಾರೀಖು, ವಾರ, ನನ್ನ ತಮಾಷೆಗಳು ಸಮೇತ.

"ಮೂರು ಸಲ ಹುಡುಕಿದೆ ಸರ್. ಕೆಂಪು ಮುಚ್ಚಳದ ಮಾತು ಎಲ್ಲೂ ಇಲ್ಲ. ಯಾವತ್ತು ಹೇಳಿದ್ರಿ ಸರ್? ಆ ದಿನ ನನ್ ಗಮನ ಎಲ್ಲಿತ್ತು ಅಂತ ತಿಳೀಬೇಕು. ಅಕ್ಕನ ಮುಖ ಕಣ್ಮುಂದೆ ಬರುತ್ತೆ, ನಿದ್ದೆನೇ ಬರ್ತಿಲ್ಲ."

ಬಾಗಿಲು ಮುಚ್ಚಿತ್ತು. ಕೇಳಿಸಿಕೊಳ್ಳುವವರು ಅವಳ ಹೊರತು ಯಾರೂ ಇರಲಿಲ್ಲ. ಒಂದೇ ಒಂದು ಮಾತು ಸಾಕಿತ್ತು. ನನ್ನನ್ನು ಸರ್ ಎಂದು ಕರೆದ ಒಂದೇ ಒಂದು ಬಾಯಿ ಇನ್ನು ಹಾಗೆ ಕರೆಯುವುದಿಲ್ಲ ಎಂಬ ಹೆದರಿಕೆ ನನಗೆ. ನಾಚಿಕೆಗೇಡಿ ನಾನು.

"ಎರಡನೇ ವಾರ. ಮಂಗಳವಾರ," ಎಂದೆ.

ಅವಳು ಆ ಪುಟ ತೆಗೆದಳು. ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಪೆನ್ನು ಬಿಚ್ಚಿ, ಕೆಂಪು ಮುಚ್ಚಳದ ಬಾಟಲಿ ತೊಳೆಯಬಾರದು ಎಂದು ಬರೆದುಕೊಂಡಳು. "ಇಷ್ಟು ಮುಖ್ಯವಾದ್ದನ್ನೇ ಬಿಟ್ಟಿದ್ನಲ್ಲ ಸರ್," ಎಂದು ಅತ್ತಳು.