ಕಬ್ಬಿಣ ಕಾಣುವ ಯಂತ್ರ

ಹೂಲಿಯಲ್ಲಿ ನಾವು ಅಳೆದ ಹೊಲದ ಯಜಮಾನರು ದಿನಾ ಬದುವಿನ ಮೇಲೆ ಕುಳಿತು ನಮ್ಮನ್ನೇ ಕಾವಲು ಕಾಯುತ್ತಿದ್ದರು. ನೆಲ ಅಗೆಯದೆಯೇ ಹೂತುಹೋದ ಹಳೆಯ ಊರಿನ ಗುರುತು ಹಿಡಿಯುವ ಯಂತ್ರ ನನ್ನ ಕೈಯಲ್ಲಿತ್ತು. ನಾನು ಒಂದು ಸಾಲು ಮುಗಿಸಿ ತಿರುಗಿದಾಗಲೆಲ್ಲ ಅವರು ಎಲೆಅಡಿಕೆಯನ್ನು ದವಡೆಗೆ ಸರಿಸಿ ಕೇಳುವರು: "ಅಕ್ಕಾರ, ಖರೇ ಹೇಳ್ರಿ. ಬಂಗಾರ ಹುಡಕಾಕ ಹತ್ತೀರಿ, ಹೌದಲ್ರಿ?"

"ಇಲ್ಲ ಕಾಕಾ, ಇದಕ್ಕ ಬಂಗಾರ ಕಾಣೂದಿಲ್ಲ. ಸುಟ್ಟ ಇಟ್ಟಂಗಿ, ಕಬ್ಬಣ ಅಷ್ಟ ಕಾಣತಾವು," ಎನ್ನುತ್ತಿದ್ದೆ. ಅವರು ನನ್ನ ಮಾತು ಬಿಟ್ಟು ನನ್ನ ಕಣ್ಣನ್ನೇ ನೋಡುತ್ತಿದ್ದರು. ಒಮ್ಮೆ ನನ್ನ ಬುತ್ತಿಗಂಟನ್ನೂ ಎತ್ತಿ ಭಾರ ನೋಡಿದ್ದುಂಟು.

ಮೂರನೆಯ ದಿನ ಯಂತ್ರದ ಪರದೆಯ ಮೇಲೆ ಹೊಲದ ಮೂಲೆಯಲ್ಲಿ ದೊಡ್ಡ ಕರಿ ಕಲೆ ಮೂಡಿತು. ಹಳೆಯ ಕುಲುಮೆಯೇ ಸಿಕ್ಕಿತೆಂದು ಹಿಗ್ಗಿ ಅವರಿಗೂ ತೋರಿಸಿದೆ. ಅವರು ಎದ್ದು ಹೋಗಿ ಅಲ್ಲಿ ಗೇಣುದ್ದ ಮಣ್ಣು ಬಗೆದರು. ಹೊರಬಂದದ್ದು ಅವರದೇ ನೇಗಿಲಿನ ಕಬ್ಬಿಣದ ಕುಳ.

"ನಿಮ್ಮ ಮಷೀನ ಪರೀಕ್ಷಾ ಮಾಡೂಣಂತ ನೀವು ಬರೂಕಿಂತ ಮೊದಲ ನಾನ ಹುಗದಿದ್ದೆ," ಎಂದರು. ಆಮೇಲೆ ಎರಡು ಮಾರು ಆಚೆ, ಪರದೆಯಲ್ಲಿ ಏನೂ ಮೂಡದಿದ್ದ ಕಡೆ ಬಗೆದು ಒಂದು ಅರಿವೆಗಂಟನ್ನೂ ತೆಗೆದರು. ಬಿಚ್ಚಿದರೆ ಅವರ ಹೆಂಡತಿಯ ಬಂಗಾರದ ಬಳೆ.

"ಖರೇ ಐತಿ, ಮಷೀನಿಗೆ ಬಂಗಾರ ಕಾಣೂದಿಲ್ಲ," ಎಂದು ಬಳೆಯನ್ನು ಅಂಗಿಯ ಒಳಕಿಸೆಗೆ ಇಳಿಸಿಕೊಂಡರು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತ ಕೇಳಿದರು: "ನಿಮಗ?"